ನಾಲ್ಕೂ ಚಕ್ರ ಎಳೆಯುವ ಗಾಡಿ

ಶುಭಕಾರ್ಯಕ್ಕೆ ಹೋಗುವಾಗ ಬಿಳಿ ಪ್ಯಾಂಟಿನ ಮೇಲೆ ಬಿಳಿ ಶರ್ಟು ಹಾಕಬೇಡಿ. ಕನ್ನಡಿಯ ಮುಂದೆ ನಿಂತಾಗ ನೀವು ಶಾಸಕರಂತೆ ಕಾಣುತ್ತೀರಿ, ಒಪ್ಪಿದೆ. ಆದರೆ ಶಾಮಿಯಾನದ ಬಾಗಿಲಲ್ಲಿ ನಿಂತಿರುವವನ ಕಣ್ಣಿಗೆ ನೀವು ಯಾರದೋ ಕಾರಿನ ಡ್ರೈವರು. ನನ್ನ ಸಕಲ ಅನರ್ಥಗಳೂ ಆ ಒಂದು ಜೊತೆ ಬಟ್ಟೆಯಿಂದ ಶುರುವಾದವು.

ನಡೆದದ್ದು ಗುಂಡ್ಲುಪೇಟೆಯಲ್ಲಿ, ನನ್ನ ಷಡ್ಡಕ ಶಿವಶಂಕರನ ಗೃಹಪ್ರವೇಶದ ದಿನ. ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ ಎಂದು ನಿಘಂಟು ಹೇಳುತ್ತದೆ. ಅನುಭವ ಹೇಳುವುದು ಬೇರೆ: ಹೆಂಡತಿ ಬಾಯಿ ಬಿಡದೆಯೇ ನಮ್ಮನ್ನು ಅಳೆಯಲು ಇಟ್ಟುಕೊಂಡಿರುವ ಸೇರು ಅದು. ಈ ಸೇರು ಕೇರಳಕ್ಕೆ ಚೆಂಡು ಹೂವು, ಬಾಳೆಕಾಯಿ ಕಳಿಸಿ ಕಳಿಸಿ ಮೂರು ಅಂತಸ್ತಿನ ಮನೆ ಕಟ್ಟಿತ್ತು. ಮನೆಯ ಮುಂದೆ ಎತ್ತರದ ಹೊಸ ಗಾಡಿಯೊಂದನ್ನೂ ನಿಲ್ಲಿಸಿತ್ತು. ನಾನು ಚಾಮರಾಜನಗರದಲ್ಲಿ ಅರಿಶಿನದ ವ್ಯಾಪಾರಿ. ನನ್ನ ಕಾರು ಚಿಕ್ಕದು, ಹಳೆಯದು, ಮಂಡಿಯ ಧೂಳು ಕುಡಿದು ಹಳದಿಗಟ್ಟಿದ್ದು. ಹೆಂಡತಿ ನಾಗರತ್ನಳನ್ನು ಉಡುಗೊರೆಯ ಸಮೇತ ಬಾಗಿಲಲ್ಲಿ ಇಳಿಸಿ, ಕಾರನ್ನು ಎಲ್ಲೋ ದೂರದಲ್ಲಿ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ನಡೆದು ಬಂದೆ. ಎದೆಗೆ ಬ್ಯಾಡ್ಜು ಚುಚ್ಚಿಕೊಂಡಿದ್ದ ಒಬ್ಬಾತ ಅಡ್ಡ ಬಂದ.

"ಡ್ರೈವರ್‌ಗಳ್ಗೆಲ್ಲ ಆ ಕಡಿಕ ಊಟ ಕಣಣ್ಣ. ಬಿರ್ರನೆ ಓಗು, ಕಾಯಾಲು ಮುಗ್ದೋಯ್ತದ."

ನಾನು ಯಾರು ಗೊತ್ತೇನಯ್ಯಾ ಎಂದು ಗುಡುಗಬೇಕಿತ್ತು. ಆದರೆ ಆಘಾತವೆಂಬುದು ವಿಚಿತ್ರವಾದದ್ದು, ಬಾಯನ್ನು ಕಟ್ಟಿಹಾಕಿ ಕಾಲನ್ನು ಬಿಟ್ಟುಬಿಡುತ್ತದೆ. ಕಾಲುಗಳು ತಾವಾಗಿಯೇ ಹೋಗಿ ಡ್ರೈವರುಗಳ ಪಂಕ್ತಿಯಲ್ಲಿ ಮಡಚಿಕೊಂಡವು. (ಊಟದ ವಿಚಾರದಲ್ಲಿ ಸುಳ್ಳು ಹೇಳಬಾರದು. ಹೋಳಿಗೆ, ಕಾಯಿಹಾಲು ಎರಡೂ ಅಲ್ಲಿ ಬಹಳ ಧಾರಾಳವಾಗಿದ್ದವು.)

ಪಕ್ಕದ ಎಲೆಯಲ್ಲಿ ಕುಳಿತಿದ್ದವನು ರಂಗರಾಜು. ಗುಂಡ್ಲುಪೇಟೆಯಲ್ಲಿ ಹಳೆಯ ಗಾಡಿ ಕೊಂಡು ಮಾರುವುದು ಅವನ ಕಸುಬು. ನಾನು ಡ್ರೈವರಲ್ಲ, ಮನೆಯ ಮಾಲೀಕನ ಸಾಕ್ಷಾತ್ ಷಡ್ಡಕ ಎಂದು ಕೇಳಿ ಅವನ ಕೈಯ ಹೋಳಿಗೆ ಅರ್ಧದಲ್ಲೇ ನಿಂತಿತು.

"ಮತ್ತ ಇಲ್ಲಿ ಯಾಕ ಕುಂತ್ರಿ ಸಾವ್ಕಾರ್ರೇ?"

"ನೀನು ಯಾಕೆ ಕೂತಿದ್ದೀಯ?"

"ಒಳಕ್ಕ ಕುಂತ್ರ ಗಾಡಿ ಓನರ್‌ಗಳು ಸಿಕ್ತಾರ, ಇಲ್ಲಿ ಕುಂತ್ರ ಗಾಡಿ ಗುಟ್ಟು ಸಿಕ್ತದ. ನಂದು ಬುಡಿ. ನಿಮ್ಗ ಇಂಗಾಗಿರದು ಯಾಕ ಗೊತ್ತಾ? ಗಾಡಿ ಸಣ್ಣದಾದ್ರ ಮನ್ಸನೂ ಸಣ್ಣಗೇ ಕಾಣ್ತಾನ. ನನ್ನತ್ರ ಒಂದದ, ಬಂದು ನೋಡಿ. ವಯನಾಡಿನ ಎಸ್ಟೇಟ್ ಯಜಮಾನ್ರದು. ಫಾರಿನ್ ಗಾಡಿ. ಫೋರ್ ಬೈ ಫೋರು."

ಆ ಕ್ಷಣವೇ ನನ್ನ ತಲೆಯಲ್ಲಿ ಅದು ಬಂದು ನಿಂತುಬಿಟ್ಟಿತು, ಹೆಡ್‌ಲೈಟು ಹಾಕಿಕೊಂಡು.

ನಮ್ಮ ಮನೆಯ ಸಂವಿಧಾನದ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಯಾವ ಮಸೂದೆಯಾದರೂ ಮೊದಲು ಕೆಳಮನೆಯಲ್ಲಿ, ಅಂದರೆ ನಾಗರತ್ನಳ ಅಡುಗೆಮನೆಯಲ್ಲಿ ಮಂಡನೆಯಾಗಬೇಕು. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರ್, ಆದ್ದರಿಂದ ನಮ್ಮಲ್ಲಿ ಊಹೆಯ ಬಜೆಟ್ಟುಗಳು ನಡೆಯುವುದಿಲ್ಲ. ಅಲ್ಲಿ ಪಾಸಾದರೆ ಮೇಲ್ಮನೆ. ಮೇಲ್ಮನೆ ಎಂದರೆ ನನ್ನ ಅವ್ವ ಚಿಕ್ಕಮಲ್ಲಮ್ಮ, ದಿನಕ್ಕೆ ಎರಡು ಹೊತ್ತು ಲಿಂಗಪೂಜೆ, ಹಣೆಯ ತುಂಬ ವಿಭೂತಿ. ಚರ್ಮವೆಂಬುದು ಅವಳ ಮನೆಯಲ್ಲಿ ಹೊಸ್ತಿಲು ದಾಟುವಂತಿಲ್ಲ. ನನ್ನ ಪರ್ಸು ಅವಳೇ ಹೊಲಿದುಕೊಟ್ಟ ಬಟ್ಟೆಯ ಚೀಲ. ನನ್ನ ಬೆಲ್ಟು ಬಚ್ಚಲ ಹೊರಗೋಡೆಯ ಮೊಳೆಯಲ್ಲಿ ವಾಸಿಸುತ್ತದೆ. ನಾನು ಹೊರಗೆ ಹೋಗುವಾಗ ಅಲ್ಲಿ ಹೋಗಿ ಅದನ್ನು ಧರಿಸಿ, ಬಂದಾಗ ಅಲ್ಲೇ ವಿಸರ್ಜಿಸುತ್ತೇನೆ.

ಕೆಳಮನೆಯಲ್ಲಿ ಮಸೂದೆ ಮಂಡಿಸಿದೆ.

"ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುತ್ತೆ ಕಣೇ. ಕೆಸರಿರಲಿ, ಕಲ್ಲಿರಲಿ, ನಾಲ್ಕೂ ಸೇರಿ ಎಳೀತವೆ."

"ಈಗಿರೋ ಕಾರಿಗೆ ಎಷ್ಟು ಚಕ್ರ?" ನಾಗರತ್ನ ಒಗ್ಗರಣೆಯ ಮೇಲಿನ ಕಣ್ಣು ತೆಗೆಯಲಿಲ್ಲ.

"ನಾಲ್ಕು. ಆದ್ರೆ ಎಳೆಯೋದು ಎರಡೇ."

"ಇನ್ನೆರಡು?"

"ಸುಮ್ಮನೆ ಜೊತೇಲಿ ಉರುಳ್ತವೆ."

"ಹಂಗೂ ಸಂಸಾರ ನಡೀತಾ ಇದೆ ಅಲ್ವಾ?" ಎಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಮ್ಮನೇಲಿ ಎಳೆಯೋದು ಒಂದೇ ಚಕ್ರ. ಇನ್ನೊಂದು ಸುಮ್ಮನೆ ಉರುಳೋದಕ್ಕೆ ನಾನೇನಾದ್ರೂ ಬೇಜಾರು ಮಾಡ್ಕೊಂಡಿದ್ದೀನಾ?"

ಮಾತು ಹಾಸ್ಯಕ್ಕೆ ತಿರುಗಿದರೂ ಅದರ ಹಿಂದೆ ಒಂದು ಗಂಭೀರ ವಿಷಯವಿತ್ತು. ಒಳ್ಳೆಯ ರೇಟು ಬರಲೆಂದು ನಾನು ಒಂದಷ್ಟು ಅರಿಶಿನದ ಮೂಟೆಗಳನ್ನು ಹಿಡಿದಿಟ್ಟಿದ್ದೆ. ಅವು ಮಾರಿದ ದಿನ ಅಡುಗೆಮನೆ ದೊಡ್ಡದು ಮಾಡಿಸಿಕೊಡುತ್ತೇನೆಂದು ನಾಗರತ್ನಳಿಗೆ ಮಾತು ಕೊಟ್ಟಿದ್ದೆ. ಈಗಿರುವ ಅಡುಗೆಮನೆಯಲ್ಲಿ ಅವಳು ತಿರುಗಿದರೆ ಮೊಣಕೈಗೆ ಡಬ್ಬ ತಗಲುತ್ತದೆ, ಅವ್ವ ಒಳಗೆ ಬಂದರೆ ಇವಳು ಹೊರಗೆ ಬರಬೇಕು. ಆ ಮೂಟೆಗಳಲ್ಲಿ ಅಡುಗೆಮನೆ ಆಗಬಹುದು, ಇಲ್ಲವೇ ಗಾಡಿ ಬರಬಹುದು, ಎರಡೂ ಸಾಧ್ಯವಿಲ್ಲ. ಇದು ಅವಳಿಗೂ ಗೊತ್ತು, ನನಗೂ ಗೊತ್ತು.

"ನೋಡಿಬರೋಕೆ ಏನು ಖರ್ಚು?" ಎಂದೆ. ಪ್ರಪಂಚದ ಎಲ್ಲ ದೊಡ್ಡ ಖರ್ಚುಗಳೂ ಈ ವಾಕ್ಯದಿಂದಲೇ ಆರಂಭವಾಗಿವೆ.

ಭಾನುವಾರ ಇಬ್ಬರೂ ಗುಂಡ್ಲುಪೇಟೆಗೆ ಹೋದೆವು. ರಂಗರಾಜು ಗಾಡಿಯ ಮೇಲಿನ ಮುಸುಕು ತೆಗೆದ. ಕಪ್ಪು ಮೈ, ಅದರಲ್ಲಿ ನನ್ನ ಮುಖ ನಿಜಕ್ಕಿಂತ ಚೆನ್ನಾಗಿ ಕಂಡಿತು. ಒಳಗೆ ಕೆನೆಬಣ್ಣದ ಸೀಟುಗಳು, ಮದುವೆಮನೆಯ ಸೋಫಾಗಳನ್ನು ನಾಚಿಸುವಂಥವು. ಕೈಯಿಟ್ಟೆ. ಕೈ ಅಲ್ಲೇ ಇರಲಿ ಅನಿಸಿತು.

"ಪ್ಯೂರ್ ಲೆದರು ಸಾವ್ಕಾರ್ರೇ," ಎಂದ ರಂಗರಾಜು ಹೆಮ್ಮೆಯಿಂದ. "ಇಟಲಿ ದೇಶದ್ದು. ಎಳೇ ಕರಿಂದು."

ಕೈ ತಾನಾಗಿಯೇ ಹಿಂದೆ ಬಂತು. ಎಳೆಯ ಕರು! ನಾಗರತ್ನ ನನ್ನ ಕಿವಿಯಲ್ಲಿ ಒಂದೇ ಮಾತು ಹೇಳಿದಳು: "ಅತ್ತೆಮ್ಮ."

"ಬರೀ ನೋಡೋಕೆ ಬಂದಿರೋದು," ಎಂದೆ, ಅವಳಿಗಿಂತ ಹೆಚ್ಚಾಗಿ ನನಗೇ.

ನಂತರ ನಾಗರತ್ನಳ ಪ್ರಶ್ನೋತ್ತರ ಕಲಾಪ ನಡೆಯಿತು.

"ಲೀಟರಿಗೆ ಎಷ್ಟು ಕೊಡುತ್ತೆ?"

"ಇಂತಾ ಗಾಡಿ ತಕಳೋರು ಅದ್ನೆಲ್ಲ ಕೇಳಲ್ಲಮ್ಮಾರೆ."

"ತಗೊಳ್ಳದೇ ಇರೋರು ಕೇಳ್ತಾ ಇದ್ದೀವಿ, ಹೇಳಿ."

ರಂಗರಾಜು ಹೇಳಿದ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಪ್ರಶ್ನೆಗೆ ಹೋದಳು. ಟೈರಿನ ಬೆಲೆ ಕೇಳಿದಾಗ ನಾನು ಗಾಡಿಗೆ ಒರಗಿಕೊಂಡೆ. ರಿಪೇರಿ ಎಲ್ಲಿ ಎಂದರೆ ಬೆಂಗಳೂರು ಇಲ್ಲವೇ ಕೊಚ್ಚಿ. ಕೇರಳದ ನಂಬರು ತೆಗೆಸಿ ಕರ್ನಾಟಕದ ತೆರಿಗೆ ಕಟ್ಟಲು ಆಗುವ ಮೊತ್ತ ಕೇಳಿದ ಮೇಲೆ ಒರಗಿಕೊಂಡಿದ್ದವನು ಕುಳಿತುಬಿಟ್ಟೆ. ಗಾಡಿಯ ಬೆಲೆಯನ್ನಂತೂ ಇಲ್ಲಿ ಬರೆಯಲಾರೆ.

"ಅದೆಲ್ಲ ಇರ್ಲಿ, ಪವರ್ ನೋಡಿ ಸಾವ್ಕಾರ್ರೇ. ಬೆಟ್ಟ ಅತ್ಸಿ ನೋಡನ ಬನ್ನಿ," ಎಂದ ರಂಗರಾಜು.

ಸರಿ, ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟೆವು. ಬುಡದಲ್ಲಿ ಗೇಟು. ಖಾಸಗಿ ಗಾಡಿಗಳನ್ನು ಮೇಲೆ ಬಿಡುವುದಿಲ್ಲ, ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು. ಇದು ಜಿಲ್ಲೆಗೆಲ್ಲ ಗೊತ್ತಿರುವ ಸಂಗತಿ, ನಮ್ಮ ಮೂವರಿಗೂ ಗೊತ್ತಿತ್ತು, ಗಾಡಿಯ ಮೋಹದಲ್ಲಿ ಮೂವರಿಗೂ ಮರೆತಿತ್ತು. ನಾಲ್ಕೂ ಚಕ್ರ ಎಳೆಯುವ ಗಾಡಿ ಬುಡದಲ್ಲಿ ನಿಂತಿತು. ಗಡಗಡ ಎನ್ನುವ ಕೆಂಪು ಬಸ್ಸು ನಮ್ಮನ್ನು ಮಂಜಿನೊಳಕ್ಕೆ ಹತ್ತಿಸಿತು. ಕಂಬಿ ಹಿಡಿದು ನೇತಾಡುತ್ತಿದ್ದ ನನಗೆ ಕೇಳುವಂತೆ ನಾಗರತ್ನ, "ಪವರ್ ಚೆನ್ನಾಗಿದೆ ಕಣ್ರೀ, ಇದನ್ನೇ ತಗೊಳ್ಳಿ," ಎಂದಳು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು.

ಇಳಿದು ಬಂದ ಮೇಲೆ ರಂಗರಾಜು ಕೊನೆಯ ಅಸ್ತ್ರ ತೆಗೆದ.

"ಮನಗ ತಕಂಡೋಗಿ ಸಾವ್ಕಾರ್ರೇ. ನಾಳ ಸಂದಗಂಟ ಮಡಿಕಳಿ. ಮನಯೋರು ನೋಡ್ಲಿ, ಬೀದಿಯೋರು ನೋಡ್ಲಿ. ನಿಮ್ ಅಳೇ ಗಾಡಿ ನನ್ನತ್ರ ಇರ್ಲಿ. ನಾನೇ ಬಂದು ತಕಂಡೋಯ್ತೀನಿ. ಒಂದ್ ಮಾತು, ಏನಾರ ಡ್ಯಾಮೇಜ್ ಆದ್ರ ಗಾಡಿ ನಿಮ್ದೇಯ."

ಬೀದಿಯವರು ನೋಡಲಿ ಎಂಬ ಮಾತು ನನಗೆ ಹಿಡಿಸಿತು. ಮಿಕ್ಕದ್ದು ಕಿವಿಗೆ ಬೀಳಲಿಲ್ಲ.

ಗುಂಡ್ಲುಪೇಟೆ ದಾಟುವಷ್ಟರಲ್ಲಿ ನನ್ನ ಆಸನಭಾಗದಲ್ಲಿ ಏನೋ ಬಿಸಿಯಾದಂತೆ ಅನಿಸಿತು. ಮೊದಲು ಸಂತೋಷದ ಬಿಸಿ ಎಂದುಕೊಂಡೆ. ಅದು ಏರುತ್ತ ಹೋಯಿತು. ಹಿಂದೊಮ್ಮೆ ಮೂಲವ್ಯಾಧಿಯಿಂದ ನರಳಿದವನು ನಾನು. ಮರಳಿ ಬಂತೇ? ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ, ಸ್ಟೇರಿಂಗು ಹಿಡಿದುಕೊಂಡೇ ಅರ್ಧ ಎದ್ದೆ.

"ಯಾಕ್ರೀ ಕುಣೀತಾ ಇದ್ದೀರಿ?"

"ಏನಿಲ್ಲ, ರಸ್ತೆ ಸರಿಯಿಲ್ಲ."

ತೆರಕಣಾಂಬಿಯಲ್ಲಿ ತಡೆಯಲಾರದೆ ಗಾಡಿ ನಿಲ್ಲಿಸಿ ಕೆಳಕ್ಕೆ ಹಾರಿದೆ. ಮುಖ ಬೆವರಿನಿಂದ ತೊಯ್ದಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದೆ. ನಾಗರತ್ನ ಗಾಬರಿಯಿಂದ ನನ್ನ ಸೀಟು ಮುಟ್ಟಿ ನೋಡಿದಳು. ರೊಟ್ಟಿ ಬೇಯಿಸುವಷ್ಟು ಕಾದಿತ್ತು.

"ಅಯ್ಯೋ! ಇಲ್ಲೊಂದು ಬಟನ್ ಇತ್ತು, ಮೇಲಕ್ಕೆ ಹಬೆ ಹೋಗೋ ಚಿತ್ರ. ಕಾಫಿ ಬರುತ್ತೇನೋ ಅಂತ ನಾನೇ ಒತ್ತಿದ್ದೆ."

ಚಳಿ ದೇಶದವರಿಗೆ ಸೀಟು ಬಿಸಿ ಮಾಡುವ ಸೌಕರ್ಯವಂತೆ ಅದು. ತೆರಕಣಾಂಬಿಯ ಬಿಸಿಲಿನಲ್ಲಿ ಅದನ್ನು ಸಂಪೂರ್ಣವಾಗಿ ಅನುಭವಿಸಿದ ಮೊದಲಿಗ ನಾನೇ ಇರಬೇಕು.

ಚಾಮರಾಜನಗರಕ್ಕೆ ಬಂದರೆ ಕುರ್ಚಿ ಹೋಗುತ್ತದೆ ಎಂದು ಅಧಿಕಾರದಲ್ಲಿರುವವರು ಹೆದರುತ್ತಾರೆಂದು ಜನ ಆಡಿಕೊಳ್ಳುತ್ತಾರಷ್ಟೆ. ಹಾಗಾಗಿಯೋ ಏನೋ, ನಮ್ಮ ಬೀದಿಗೆ ಅಷ್ಟು ದೊಡ್ಡ ಗಾಡಿ ಬಂದ ಚರಿತ್ರೆಯೇ ಇರಲಿಲ್ಲ. ಬೀದಿಗೆ ಬೀದಿಯೇ ಹೊರಗೆ ಬಂತು. ಗಾಡಿ ನಮ್ಮ ಗೇಟಿನಲ್ಲಿ ಹಿಡಿಸದೆ ಮೂತಿ ಮನೆಯೊಳಗೆ, ಬಾಲ ಬೀದಿಯಲ್ಲಿ ನಿಂತಿತು. ಅವ್ವ ಸೆರಗು ಹೊದ್ದು ಬಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ತೆರೆದಿದ್ದ ಬಾಗಿಲಿನಿಂದ ಕೈ ಹಾಕಿ ಸೀಟನ್ನು ಸವರಿದಳು.

"ಯಾತ್ರದ್ದುಲಾ ಇದು?"

"ರೆಕ್ಸಿನ್ನು ಕಣವ್ವ," ಎಂದೆ ತಕ್ಷಣ. "ಬರೀ ರೆಕ್ಸಿನ್ನು. ಒಳ್ಳೇ ಜಾತಿ ರೆಕ್ಸಿನ್ನು."

ಅವ್ವ ನನ್ನ ಮುಖ ನೋಡಿದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಯಾರ್ಯಾರ್ ಕುಂತಿದ್ರೋ ಏನೋ. ಮೊದ್ಲು ಸುದ್ದ ಆಗ್ಲಿ, ಆಮೇಕ ಕೂರನ."

"ಆಗ್ಲಿ ಬುಡವ್ವ," ಎಂದೆ. ಎರಡು ಕಡ್ಡಿ ಊದುಬತ್ತಿ ಹಚ್ಚುತ್ತಾಳೆ ಎಂದುಕೊಂಡಿದ್ದೆ.

"ಅತ್ತೆಮ್ಮನ ಹತ್ರ ಸುಳ್ಳು ಹೇಳ್ಬೇಡಿ ಕಣ್ರೀ, ದಕ್ಕಲ್ಲ," ಎಂದಳು ನಾಗರತ್ನ, ಅವ್ವ ಒಳಗೆ ಹೋದ ಮೇಲೆ.

"ಒಂದು ದಿನದ ಮಾತು. ನಾಳೆ ಗಾಡಿ ವಾಪಸ್ಸು ಹೋಗುತ್ತೆ."

ಹೌದು, ನಾನು ನಿರ್ಧಾರ ಮಾಡಿಬಿಟ್ಟಿದ್ದೆ. ಸಂಜೆ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಇಬ್ಬರೂ ಎಲ್ಲವನ್ನೂ ತೂಗಿ ನೋಡಿದೆವು. ತಕ್ಕಡಿಯ ಒಂದು ಕಡೆ ಪೆಟ್ರೋಲು, ಟೈರು, ತೆರಿಗೆ, ಕೊಚ್ಚಿ, ಎಳೆಯ ಕರು. ಇನ್ನೊಂದು ಕಡೆ ನನ್ನ ಜಂಬ. ಜಂಬ ಕೂಡ ಕಡಿಮೆ ತೂಕದ್ದೇನಲ್ಲ, ಆದರೆ ನಾಗರತ್ನ ತನ್ನ ಅಡುಗೆಮನೆಯ ಬಗ್ಗೆ ಒಂದು ಮಾತೂ ಆಡದೆ ಸುಮ್ಮನೆ ಕಾಫಿ ಲೋಟವನ್ನು ತಿರುಗಿಸುತ್ತ ಕುಳಿತಿದ್ದಳಲ್ಲ, ಅದನ್ನು ನೋಡಿ ಜಂಬದ ತಟ್ಟೆ ಮೇಲಕ್ಕೆದ್ದುಬಿಟ್ಟಿತು. ವಾಪಸ್ಸು ಕೊಟ್ಟುಬಿಡೋಣ ಎಂದೆ. ಅವಳ ಮುಖ ಅರಳಿತು. ಒಳಗೆ ಅವ್ವ ಅಕ್ಕಿ ಆರಿಸುತ್ತಿದ್ದ ಮೊರದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಆದರೂ ಒಂದು ಚಪಲ. ಶಿವಶಂಕರನಿಗೆ ಫೋನು ಮಾಡಿ, ಬಾಳೆಕಾಯಿಯ ರೇಟು ವಿಚಾರಿಸಿ, ಮಾತಿನ ನಡುವೆ "ಒಂದು ಫಾರಿನ್ ಗಾಡಿ ಮನೆಗೆ ಬಂದಿದೆ ಕಣಪ್ಪ, ನಿಲ್ಲಿಸೋಕೇ ಜಾಗ ಇಲ್ಲ" ಎಂದು ಉದುರಿಸಿದೆ. ಆ ಕಡೆ ಬಿದ್ದ ಮೌನಕ್ಕೆ ನಾನು ಎಷ್ಟು ಬೇಕಾದರೂ ಕೊಡುತ್ತಿದ್ದೆ. (ಕೊಟ್ಟೆನಲ್ಲ, ಮುಂದೆ ಕೇಳಿ.)

ಸೋಮವಾರ ಬೆಳಿಗ್ಗೆ ನಾಗರತ್ನ ಸ್ಕೂಲಿಗೆ ಹೋದಳು. ನಾನು ಮಂಡಿಗೆ ಹೊರಟೆ. ಹೋಗುವಾಗ ಗಾಡಿಯ ನಾಲ್ಕೂ ಬಾಗಿಲುಗಳನ್ನು ತೆರೆದಿಟ್ಟೆ. ಹೋಗಿ ಬರುವವರು ಒಳಗಿನ ವೈಭವವನ್ನೂ ಕಣ್ತುಂಬ ನೋಡಲಿ ಎಂಬ ಸದುದ್ದೇಶ. ಅವ್ವ ಇದ್ದಾಳೆ, ಕಾವಲಿಗೇನು ಭಯ?

ಮಧ್ಯಾಹ್ನ ಊಟಕ್ಕೆ ಬಂದೆ. ದೂರದಿಂದಲೇ ಗಾಡಿಯ ಸುತ್ತ ಹಳದಿ ನೀರು ಹರಿದು ಚರಂಡಿಗೆ ಹೋಗುತ್ತಿರುವುದು ಕಂಡಿತು. ಯಾರ ಮನೆಯಲ್ಲಿ ಆರತಿ ಎಂದುಕೊಂಡೆ. ಹತ್ತಿರ ಬಂದೆ. ಅವ್ವ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿ, ಬಾಗಿಲಿನಿಂದ ಗಾಡಿಯೊಳಕ್ಕೆ ಬಗ್ಗಿ, ತೆಂಗಿನ ನಾರಿನಿಂದ ಹಿಂದಿನ ಸೀಟನ್ನು ತಿಕ್ಕುತ್ತಿದ್ದಳು. ಪಕ್ಕದಲ್ಲಿ ಸೀಗೆಪುಡಿಯ ಬೋಗುಣಿ, ಹುಣಸೆಹಣ್ಣಿನ ಉಂಡೆ, ಬಕೆಟ್ಟಿನ ತುಂಬ ಅರಿಶಿನದ ನೀರು. ನಮ್ಮದೇ ಮಂಡಿಯ ಮೊದಲ ದರ್ಜೆಯ ಅರಿಶಿನ, ಒಂದು ಚಿಟಿಕೆಗೆ ಒಂದು ಕೊಡ ನೀರು ಬಣ್ಣವಾಗುವಂಥದ್ದು.

"ನೋಡ್ಲಾ ಎಂಗಾಯ್ತು!" ಎಂದಳು ಅವ್ವ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ. "ಎಷ್ಟ್ ಕೊಳ ಬುಡ್ತು ಅಂತಿಯೆ? ಉಜ್ಜಿದಂಗೆಲ್ಲ ಬತ್ತನೇ ಅದ!"

ಬಂದದ್ದು ಕೊಳೆಯಲ್ಲ, ಇಟಲಿ. ಕೆನೆಬಣ್ಣ ಪೂರ್ತಿ ಹೋಗಿ ಅಲ್ಲಲ್ಲಿ ಬೂದಿಬಣ್ಣ, ಅಲ್ಲಲ್ಲಿ ಕಂದು, ಎಲ್ಲದರ ಮೇಲೂ ಬಂಗಾರದಂಥ ಹಳದಿ. ನುಣುಪಾಗಿದ್ದ ಸೀಟು ಹಲಸಿನಕಾಯಿಯ ಸಿಪ್ಪೆಯಾಗಿತ್ತು. ನಾನು ಸ್ತಂಭೀಭೂತನಾದೆ.

ಕೂಗಾಡಬಹುದಿತ್ತು. ಆದರೆ ಏನೆಂದು ಕೂಗಲಿ? ಚರ್ಮವನ್ನು ಹೀಗೆ ತಿಕ್ಕುತ್ತಾರೇನವ್ವ ಎಂದರೆ, ಚರ್ಮ ಎಂದು ಒಪ್ಪಿಕೊಂಡಂತಾಯಿತು. ಬೆಳಗಿನಿಂದ ಎಳೆಯ ಕರುವಿನ ಚರ್ಮ ತಿಕ್ಕಿದ ಆ ಕೈಗಳು ಸಂಜೆ ಲಿಂಗ ಹಿಡಿಯುವ ಕೈಗಳು. ಗೊತ್ತಾದರೆ ಅವ್ವ ಊಟ ಬಿಡುತ್ತಾಳೆ. ಅವಳ ವಯಸ್ಸಿಗೆ ಉಪವಾಸ ಕೂತರೆ ಏನು ಗತಿ? ನನ್ನ ಸುಳ್ಳು ನನಗೇ ಉರುಳಾಯಿತು.

"ಚೆನ್ನಾಗದ ಅವ್ವ," ಎಂದೆ.

ನಾಗರತ್ನಳಿಗೆ ಫೋನು ಮಾಡಿದೆ. ಅರ್ಧ ದಿನದ ರಜೆ ಹಾಕಿ ಓಡಿ ಬಂದಳು. ನೋಡಿದಳು. ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಕೊಬ್ಬರಿ ಎಣ್ಣೆ ಹಚ್ಚಿದರೆ ಸರಿಹೋದೀತು ಎಂದು ಹಚ್ಚಿದೆವು, ಹಳದಿ ಇನ್ನಷ್ಟು ಮಿನುಗಿತು.

"ಅತ್ತೆಮ್ಮಂಗೆ ನಿಜ ಹೇಳಿ, ರಂಗರಾಜುಗೆ ಕ್ಷಮೆ ಕೇಳಿ, ಸೀಟಿಗೆ ಏನಾಗುತ್ತೋ ಅಷ್ಟು ಕೊಡೋಣ," ಎಂದಳು. ಎಷ್ಟು ಸರಿಯಾದ ಮಾತು! ಇದನ್ನು ಕೇಳಿದ್ದರೆ ಈ ಕಥೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಹಳೆಯ ಕಾರಿನ ಹಾರನ್ನು ಕೇಳಿಸಿತು. ರಂಗರಾಜು ಸಂಜೆ ಬರುತ್ತೇನೆಂದವನು ಬಿಸಿಲಿಳಿಯುವ ಮೊದಲೇ ಬಂದಿದ್ದ. ಅವ್ವ ಜಗಲಿಯ ಮೇಲೆ ಕಾಲು ಚಾಚಿ, ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದಳು. ಅವನು ನಗುನಗುತ್ತ ಬಂದು ಗಾಡಿಯೊಳಗೆ ತಲೆ ಹಾಕಿದ. ತಲೆ ಒಳಗೇ ಉಳಿಯಿತು. ಬಹಳ ಹೊತ್ತಿನ ಮೇಲೆ ಹೊರಬಂದ ಮುಖದಲ್ಲಿ ರಕ್ತವಿರಲಿಲ್ಲ.

"ಸಾವ್ಕಾರ್ರೇ! ಏನ್ ಮಾಡ್ಬುಟ್ರಿ? ಇದು ಏನಂದ್ಕಂಡ್ರಿ ನೀವು? ಇದು ಇಟಲಿ ದೇಶದ ಪ್ಯೂರ್ ಲೆ..."

ನಾನು ಜೋರಾಗಿ ಕೆಮ್ಮಿದೆ. ಅವನ ತೋಳು ಹಿಡಿದು ಬೀದಿಯ ಕಡೆ ಎಳೆದೆ. ಅವನು ಬರಲಿಲ್ಲ.

"ಕೆಮ್ಮಬ್ಯಾಡಿ! ಎಸ್ಟೇಟ್ ಯಜಮಾನ್ರಿಗೆ ನಾನ್ ಏನೇಳ್ಲಿ? ಅಮ್ಮಾರೆ, ನೀವೇ ಏಳಿ," ಎಂದು ನೇರವಾಗಿ ಅವ್ವನ ಕಡೆ ತಿರುಗಿದ. "ಇದು ಎಂತಾದ್ದು ಗೊತ್ತಾ? ಎಳೇ ಕರಿಂದು..."

"ತಗೊಂಡೆ!" ಎಂದು ಕಿರುಚಿದೆ.

"ಏನ?"

"ಗಾಡಿ ತಗೊಂಡೆ. ನನ್ನದೇ. ಬಾಯಿ ಮುಚ್ಚು."

"ರೇಟು?"

"ನೀನು ಹೇಳಿದ್ದೇ!"

ಈಗ ಆಘಾತಗೊಳ್ಳುವ ಸರದಿ ರಂಗರಾಜುವಿನದು. ಅವನ ಇಡೀ ಕಸುಬಿನಲ್ಲಿ ಬಾಯಿಗೆ ಬಂದ ಮೊದಲ ಬೆಲೆಗೇ ಗಾಡಿ ಕೊಂಡವರು ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಒಂದು ಚೊಂಬು ನೀರು ಕೇಳಿದ. ಕುಡಿದ. ಎಲ್ಲಿ ಮನಸ್ಸು ಬದಲಾಯಿಸುತ್ತೇನೋ ಎಂದು ಮುಂಗಡವನ್ನು ಅಲ್ಲೇ ಫೋನಿಗೆ ಹಾಕಿಸಿಕೊಂಡು, ಬಸ್ಸಿಗೆಂದು ಹೆಚ್ಚುಕಡಿಮೆ ಓಡಿದ. ಹಿಂತಿರುಗಿ ಕೂಡ ನೋಡಲಿಲ್ಲ. ನಾಗರತ್ನ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಣ್ಣು ನೋಡುವ ಧೈರ್ಯ ನನಗಿರಲಿಲ್ಲ. ಆದರೂ ಅವ್ವನ ಮನಸ್ಸು ಉಳಿಯಿತಲ್ಲ, ಹೆತ್ತವಳಿಗಾಗಿ ಮಗನಾದವನು ಇಷ್ಟು ತ್ಯಾಗವನ್ನಾದರೂ ಮಾಡಬೇಕಲ್ಲವೇ ಎಂದು ಎದೆಯುಬ್ಬಿಸಿಕೊಂಡೆ.

"ಎಷ್ಟಕ್ಕಾಯ್ತುಲಾ?" ಅವ್ವ ಕೇಳಿದಳು.

"ಅವನು ಹೇಳಿದ್ದಕ್ಕೇ."

"ಏನೂ ಇಳ್ಸಿಲ್ವಾ?"

"ಇಲ್ಲ ಅವ್ವ."

ಅವ್ವನ ಬಾಯಲ್ಲಿ ಎಲೆ ಅಡಿಕೆ ನಿಂತುಹೋಯಿತು.

"ಅಯ್ಯೋ ನನ್ ಶಿವನೇ! ಒತ್ತಾರಿಂದ ಸೊಂಟ ಬಿದ್ದೋಗಂಗ ಉಜ್ಜಿ ಬಣ್ಣ ಬುಡ್ಸಿದ್ದು ಯಾಕ ಅಂದ್ಕಂಡೆ? ಒಂದ್ ನೀರ್ಗ ಬಣ್ಣ ಬುಡ ಚರ್ಮ, ಇದ್ಕಾ ಇಷ್ಟ್ ರೇಟು ಅಂತ ಅವ್ನ ಮಕದ ಮ್ಯಾಲ ಏಳಿ, ಅರ್ದಕ್ಕ ಇಳ್ಸನ ಅಂತ ಕಾಯ್ತಾ ಕುಂತಿದ್ದಿ ಕಣ್ಲಾ ನಾನು! ನಿಮ್ಮಪ್ಪ ಅರಿಸ್ನದ ಕೊಂಬು ಮುರ್ದು, ಉಜ್ಜಿ, ಮೂತಿ ಸಿಂಡರ್ಸ್ದೆ ಒಂದ್ ಮೂಟನಾರ ಕೊಂಡವ್ರಾ? ನೀನು ಅವ್ನ ಬಾಯ್ ತಗ್ಯಕ್ಕೂ ಬುಡ್ದೆ ತಕಂಡೆ ತಕಂಡೆ ಅಂತ ಬಡ್ಕಂಡ್ಯಲ್ಲೋ!"

ನನ್ನ ಕಿವಿ ಒಂದೇ ಪದದ ಹತ್ತಿರ ನಿಂತುಬಿಟ್ಟಿತ್ತು.

"ಏನಂದೆ ಅವ್ವ? ಚರ್ಮ?"

"ಇನ್ನೇನ್ ಬಾಳದಿಂಡಾ? ಈ ಮನಗ ಬಂದಾಗ್ನಿಂದ ಎತ್ತಿನ ಮೈ ತೊಳ್ದಿರ ಕೈ ಕಣ್ಲಾ ಇದು. ಅದೂ ಬ್ಯಾಡ, ರೆಕ್ಸಿನ್ನ ಯಾರಾರ ರೆಕ್ಸಿನ್ನು ರೆಕ್ಸಿನ್ನು ಅಂತ ಅಷ್ಟ್ ಸಲಿ ಏಳ್ತಾರಾ?"

"ಮತ್ತೆ... ಲಿಂಗಪೂಜೆ ಮಾಡೋ ಕೈ... ನೀನು ಚರ್ಮ ಮುಟ್ಟಲ್ವಲ್ಲ ಅವ್ವ!"

"ದೇವ್ರ ಮುಂದ ಬಾರ್ಸ ಮದ್ದಲ ಯಾತ್ರದ್ದು? ತೊಳ್ದು ಅರಿಸ್ನ ಆಕುದ್ರ ಆಯ್ತು, ಎಲ್ಲಾ ಸುದ್ದವೇ."

"ಹಾಗಾದ್ರೆ ನನ್ನ ಬೆಲ್ಟು?"

"ಅದು ನಾರ್ತದ ಅಂತ ಆಚ ಮಡಗ್ಸಿರದು."

ನಾನು ಮೆಟ್ಟಿಲ ಮೇಲೆ ಕುಳಿತೆ, ರಂಗರಾಜು ಕುಳಿತಿದ್ದ ಜಾಗ ಇನ್ನೂ ಬೆಚ್ಚಗಿತ್ತು. ಅವ್ವನ ಸಿಟ್ಟು ಇಳಿದು ದನಿ ಮೆತ್ತಗಾಯಿತು.

"ನೆನ್ನ ವಾಪಸ್ ಕೊಟ್ಬುಡನ ಅಂತಿದ್ರಿ ಇಬ್ರೂವಿ, ನಾನ್ ಕೇಳಿಸ್ಕಂಡಿ. ನಂಗ ಆ ಗಾಡಿ ಬೇಕಿತ್ತು ಮಗ. ಈ ಸಣ್ ಕಾರ್ಲಿ ನನ್ ಮಂಡಿ ಮಡ್ಚಕ್ಕ ಆಗದೇ ಇಲ್ಲ. ಶಿವಶಂಕ್ರನ ಮನ ಒಕ್ಕಲ್ಗೂ ನಾನ್ ಬರ್ಲಿಲ್ಲ, ಉಡಿಗಾಲದಲ್ಲಿರ ನನ್ ತಂಗಿ ಮಕ ನೋಡಿ ಎಷ್ಟ್ ದಿನ ಆಯ್ತು. ಕಾಲ್ ಚಾಚ್ಕಂಡು ಓಗಿ ಬರ್ಬೋದಲ್ಲ ಅಂತ ಆಸ ಪಟ್ಟಿ. ಅರ್ದಕ್ಕ ಸಿಕ್ಕಿದ್ರ ನಾಗರತ್ನನ ಅಡ್ಗಮನನೂ ಆಗದು ಅಂತ ಲೆಕ್ಕ ಆಕಿದ್ದಿ. ನೀನು ಒಂದೇ ಮಾತ್ಗ ಎಲ್ಲಾನೂ ಮುಗ್ಸ್‌ಬುಟ್ಟೆ."

ನಾಗರತ್ನ ಒಳಗೆ ಹೋದಳು. ಮೊಣಕೈ ತಗಲಿ ಡಬ್ಬವೊಂದು ಬಿದ್ದ ಸದ್ದು ಕೇಳಿಸಿತು. ಅದನ್ನು ಎತ್ತಿಡುವ ಸದ್ದು ಕೇಳಿಸಲಿಲ್ಲ. ಆವತ್ತು ನನಗೆ ನಿಜವಾಗಿಯೂ ಅಳು ಬಂತು.

ಮೂಟೆಗಳು ಸಿಕ್ಕಿದ ರೇಟಿಗೆ ಹೋದವು. ಗಾಡಿ ಈಗಲೂ ಮೂತಿ ಒಳಗೆ, ಬಾಲ ಬೀದಿಯಲ್ಲಿ ನಿಂತಿರುತ್ತದೆ. ಅವ್ವ ವಾರವಿಡೀ ಎಲ್ಲಿಗಾದರೂ ಹೊರಡುತ್ತಾಳೆ, ಒಬ್ಬಳೇ ಹೋಗುವುದು ಅವಳಿಗೆ ಬೇಸರ, ಬೀದಿಯಲ್ಲಿ ಯಾರು ಸಿಕ್ಕರೂ ಹತ್ತಿಸಿಕೊಳ್ಳುತ್ತಾಳೆ. ನಿನ್ನೆ ಉಡಿಗಾಲಕ್ಕೆ ಹೊರಟಾಗ ಪಕ್ಕದ ಮನೆಯ ಸೊಸೆ ಭಾನು ಹತ್ತಿದಳು. ಹಳದಿ ಸೀಟಿಗೆ ಎಲ್ಲಿ ಕೊಳೆಯಾದೀತೋ ಎಂದು ಆ ಹುಡುಗಿ ತುದಿಯಲ್ಲಿ ಮುದುರಿಕೊಂಡು ಕುಳಿತಿದ್ದಳು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಅವ್ವ ಕಾಲು ಚಾಚಿ, ಆರಾಮವಾಗಿ ಹಿಂದಕ್ಕೊರಗಿ, ಸೀಟನ್ನು ತಟ್ಟಿ ಹೇಳಿದಳು:

"ಒರಗ್ಕ ಕಣಮ್ಮಿ, ನಾಚ್ಕಬ್ಯಾಡ. ಪ್ಯೂರ್ ಲೆದರು, ಇಟಲಿದು. ನನ್ ಮಗ ಒಂದ್ರುಪಾಯ್ನೂ ಇಳುಸ್ದೆ ತಕಂಡವ್ನ."